ಪಡ್ಡಿನ ಕಾವಲಿಯಲ್ಲಿ ಗೋಬಿ ಮಂಚೂರಿ: ಹೋಟೆಲ್ ರುಚಿಗೆ ಮನೆಯ ದಾರಿ

ಸಂಜೆ ಆರೂವರೆಗೆ ನಮ್ಮ ಬೀದಿಯ ತಿರುವಿನಲ್ಲಿ ಗೋಬಿ ಗಾಡಿಯ ಬಾಣಲೆ ಸದ್ದು ಮಾಡತೊಡಗಿದರೆ ಮನೆಯಲ್ಲಿ ಮಕ್ಕಳು ಪುಸ್ತಕ ಮುಚ್ಚಿಡುತ್ತಾರೆ. ಬೇಡ ಅನ್ನಲು ನನಗೂ ಮನಸ್ಸು ಬರುವುದಿಲ್ಲ, ಆ ಬೆಳ್ಳುಳ್ಳಿ ಘಮ ನನಗೂ ಇಷ್ಟವೇ. ಆದರೆ 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದಾಗ ಹೇಳಿದ ಲೆಕ್ಕ ಇನ್ನೂ ನೆನಪಿದೆ. ಪರೀಕ್ಷಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಬಂದಿತ್ತು. ಆಮೇಲೆ ಮನೆಯಲ್ಲೇ ಮಾಡತೊಡಗಿದೆ. ಮಾಡುತ್ತಾ ಮಾಡುತ್ತಾ ಒಂದು ವಿಷಯ ಖಾತ್ರಿಯಾಯಿತು. ಹೋಟೆಲ್ ರುಚಿಯ ಮುಕ್ಕಾಲು ಪಾಲು ಒಲೆಯ ಉರಿಯಲ್ಲಿದೆ. ಉರಿ ಯಾವಾಗ ಏರಿಸಬೇಕು, ಯಾವಾಗ ಇಳಿಸಬೇಕು ಎಂದು ಕೈಗೆ ಗೊತ್ತಾದರೆ ಬಣ್ಣದ ಪುಡಿ ಬೇಕಿಲ್ಲ, ಬಾಣಲೆ ತುಂಬ ಎಣ್ಣೆಯೂ ಬೇಕಿಲ್ಲ.

ಮೊದಲು ಕೆಂಪು ಬಣ್ಣಕ್ಕೆ ದಾರಿ

ಬಣ್ಣಕ್ಕೆ ನಮ್ಮ ಬ್ಯಾಡಗಿ ಮೆಣಸಿನಕಾಯಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಖಾರ ಕಡಿಮೆ, ಕೆಂಪು ಗಾಢ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಈ ಮೆಣಸಿನಕಾಯಿಯ ಸತ್ವವನ್ನು ಲಿಪ್‌ಸ್ಟಿಕ್‌ಗೂ ಬಳಸುತ್ತಾರೆ ಅಂದರೆ ಅದರ ಬಣ್ಣ ಎಂಥದ್ದು ನೋಡಿ. ಮೈ ಸುಕ್ಕು ಸುಕ್ಕಾಗಿರುವ 15 ಕಾಯಿ ಆರಿಸಿ, ತೊಟ್ಟು ಮುರಿದು, ಬೀಜ ಉದುರಿಸಿ, ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಚಿಟಿಕೆ ಉಪ್ಪು ಹಾಕಿ, ನೆನೆಸಿದ ನೀರನ್ನೇ ಸ್ವಲ್ಪ ಸೇರಿಸಿ ನುಣ್ಣಗೆ ರುಬ್ಬಿ. ಗೋಬಿ ಮಂಚೂರಿ, ಮಸಾಲೆ ದೋಸೆ, ಪನ್ನೀರ್ ಗ್ರೇವಿ, ಈ ಲೇಖನದ ಮೂರಕ್ಕೂ ಇದೇ ಪೇಸ್ಟ್ ಸಾಕು.

ಗೋಬಿ ಮಂಚೂರಿ

ಅರ್ಧ ಕೆ.ಜಿ. ತೂಗುವ ಒಂದು ಹೂಕೋಸನ್ನು ನೆಲ್ಲಿಕಾಯಿ ಗಾತ್ರಕ್ಕೆ ಬಿಡಿಸಿಕೊಳ್ಳಿ. 24 ತುಂಡಿನ ಆಸುಪಾಸು ಬರುತ್ತದೆ. ಉಪ್ಪು, ಅರಿಸಿನ ಹಾಕಿದ ಕುದಿಯುವ ನೀರಿನಲ್ಲಿ ಎರಡೇ ನಿಮಿಷ ಬಿಟ್ಟು ಬಸಿಯಿರಿ. ಹುಳು ಇದ್ದರೆ ಮೇಲೆ ತೇಲುತ್ತದೆ, ಹೂಕೋಸೂ ಅರೆ ಬೇಯುತ್ತದೆ. ಇನ್ನು ಮುಂದಿನದು ಬಹಳ ಮುಖ್ಯ. ಹತ್ತಿ ಬಟ್ಟೆಯ ಮೇಲೆ ಹರಡಿ, ಫ್ಯಾನ್ ಕೆಳಗೆ ಕಾಲು ಗಂಟೆ ಆರಲು ಬಿಡಿ. ಮೊದಲ ಸಲ ನಾನು ಆತುರಕ್ಕೆ ಬಿದ್ದು ಒದ್ದೆ ಹೂಕೋಸನ್ನೇ ಹಿಟ್ಟಿಗೆ ಹಾಕಿದ್ದೆ. ಹಿಟ್ಟು ನೀರಾಗಿ ಜಾರಿ ಕಾವಲಿಯ ತಳಕ್ಕೆ ಅಂಟಿಕೊಂಡಿತು, ಹೂಕೋಸು ಬೋಳಾಗಿ ಉಳಿಯಿತು.

ಹಿಟ್ಟಿಗೆ ಮೈದಾ ಬೇಡ. ಮೂರು ದೊಡ್ಡ ಚಮಚ ಅಕ್ಕಿಹಿಟ್ಟು, ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್, ಒಂದು ಟೀ ಚಮಚ ಕೆಂಪು ಪೇಸ್ಟ್, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಕಾಳುಮೆಣಸಿನ ಪುಡಿ, ಕಾಲು ಟೀ ಚಮಚ ಉಪ್ಪು. ನೀರನ್ನು ಚಮಚ ಚಮಚವಾಗಿಯೇ ಹಾಕಿ. ಹಿಟ್ಟು ಹೂಕೋಸಿಗೆ ತೆಳುವಾಗಿ ಅಂಟಬೇಕು, ಪಾತ್ರೆಯ ತಳದಲ್ಲಿ ನಿಲ್ಲಬಾರದು.

ಈಗ ಪಡ್ಡಿನ ಕಾವಲಿ ಒಲೆಗೇರಲಿ. ಗುಳಿಯಪ್ಪದ ಕಾವಲಿ ಅಂತಲೂ ಕರೆಯುತ್ತೀರಲ್ಲ, ಅದೇ. ಮಧ್ಯಮ ಉರಿಯಲ್ಲಿ ಚೆನ್ನಾಗಿ ಕಾಯಿಸಿ, ಒಂದು ಹನಿ ನೀರು ಬಿದ್ದರೆ ಚುರ್ರೆನ್ನಬೇಕು. ಪ್ರತಿ ಗುಳಿಗೆ ಕಾಲು ಟೀ ಚಮಚ ಎಣ್ಣೆ, ಒಂದು ತುಂಡು ಹೂಕೋಸು. ಮುಚ್ಚಳ ಮುಚ್ಚಿ ಮೂರು ನಿಮಿಷ. ಮುಚ್ಚಳ ತೆಗೆದು ಪಡ್ಡು ತಿರುವುವ ಕಡ್ಡಿಯಿಂದ ಒಂದೊಂದಾಗಿ ತಿರುವಿ, ಮತ್ತೆ ಮುಚ್ಚದೆ ಮೂರ್ನಾಲ್ಕು ನಿಮಿಷ ಬಿಡಿ. ಕಡೆಯ ಒಂದು ನಿಮಿಷ ಉರಿ ಏರಿಸಿ. ಅಂಚು ಕಂದು ಬಣ್ಣಕ್ಕೆ ತಿರುಗಿ, ಕಡ್ಡಿ ತಾಗಿಸಿದರೆ ಗರಗರ ಸದ್ದು ಬರಬೇಕು. 12 ಗುಳಿಯ ಕಾವಲಿಯಾದರೆ ಎರಡು ಸುತ್ತಿಗೆ ಮುಗಿಯುತ್ತದೆ, ಖರ್ಚಾದ ಎಣ್ಣೆ ಆರು ಟೀ ಚಮಚ. ಕರಿಯಲು ಇಳಿದರೆ ಬಾಣಲೆಗೆ ಅರ್ಧ ಲೀಟರ್ ಸುರಿಯಬೇಕು, ಉಳಿದ ಎಣ್ಣೆಯನ್ನು ಚೆಲ್ಲಲು ಮನಸ್ಸು ಬಾರದೆ ಮತ್ತೆ ಕಾಯಿಸುತ್ತೇವೆ. ಎಣ್ಣೆ ಮತ್ತೆ ಮತ್ತೆ ಕಾದಷ್ಟೂ ಕೆಡುತ್ತದೆ ಎಂದೇ ಆಹಾರ ಸುರಕ್ಷತಾ ಪ್ರಾಧಿಕಾರ ಹೋಟೆಲ್‌ಗಳ ಕರಿದ ಎಣ್ಣೆಗೂ 2018ರಲ್ಲಿ ಮಿತಿ ಹಾಕಿತು.

ಸಾಸ್‌ಗೆ ಎಲ್ಲವನ್ನೂ ಹೆಚ್ಚಿ ಕೈಗೆ ಸಿಗುವಂತೆ ಇಟ್ಟುಕೊಂಡೇ ಒಲೆ ಹಚ್ಚಿ, ಆಮೇಲೆ ಹುಡುಕಲು ಪುರುಸೊತ್ತು ಸಿಗುವುದಿಲ್ಲ. ಕಬ್ಬಿಣದ ಬಾಣಲೆಯನ್ನು ದೊಡ್ಡ ಉರಿಯಲ್ಲಿ ಕಾಯಿಸಿ ಎರಡು ಟೀ ಚಮಚ ಎಣ್ಣೆ ಹಾಕಿ. ಸಣ್ಣಗೆ ಹೆಚ್ಚಿದ ಎಂಟು ಎಸಳು ಬೆಳ್ಳುಳ್ಳಿ, ಶುಂಠಿ, ಎರಡು ಹಸಿಮೆಣಸಿನಕಾಯಿ ಹಾಕಿ ಇಪ್ಪತ್ತು ಎಣಿಸಿ. ಈರುಳ್ಳಿ, ದಪ್ಪ ಮೆಣಸಿನಕಾಯಿ ಹಾಕಿ ಒಂದೇ ನಿಮಿಷ ಬಾಡಿಸಿ. ಉರಿ ಇಳಿಸಬೇಡಿ, ಇಳಿಸಿದರೆ ತರಕಾರಿ ನೀರು ಬಿಟ್ಟು ಪಲ್ಯದ ರುಚಿ ಬರುತ್ತದೆ. ಒಂದು ದೊಡ್ಡ ಚಮಚ ಕೆಂಪು ಪೇಸ್ಟ್, ರುಬ್ಬಿದ ಒಂದು ಟೊಮೆಟೊ, ಒಂದು ದೊಡ್ಡ ಚಮಚ ಸೋಯಾ ಸಾಸ್, ಒಂದು ಟೀ ಚಮಚ ವಿನೆಗರ್, ಚಿಟಿಕೆ ಸಕ್ಕರೆ. ಸಾಸ್‌ಗೆ ಬೇರೆ ಉಪ್ಪು ಹಾಕಲೇಬೇಡಿ. ಒಂದು ದೊಡ್ಡ ಚಮಚ ಸೋಯಾ ಸಾಸ್‌ನಲ್ಲೇ ಸುಮಾರು ಎರಡು ಗ್ರಾಂ ಉಪ್ಪಿರುತ್ತದೆ. ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಟೊಮೆಟೊದ ಹಸಿವಾಸನೆ ಹೋದ ಮೇಲೆ ಕಾಲು ಲೋಟ ನೀರಿಗೆ ಒಂದು ಟೀ ಚಮಚ ಕಾರ್ನ್‌ಫ್ಲೋರ್ ಕದಡಿ ಸುರಿಯಿರಿ. ಸಾಸ್ ಹೊಳಪು ಪಡೆಯುತ್ತಿದ್ದಂತೆ ಒಲೆ ಆರಿಸಿ. ಹೂಕೋಸು ಹಾಕುವುದು ಒಲೆ ಆರಿದ ಮೇಲೆ, ತಟ್ಟೆಗಳು ಮೇಜಿನ ಮೇಲೆ ಬಂದ ಮೇಲೆ. ಹತ್ತು ನಿಮಿಷ ತಡವಾದರೂ ಗರಿ ಹೋಗುತ್ತದೆ.

ಮೊನ್ನೆ ನನ್ನ ಲೆಕ್ಕ ಹೀಗಿತ್ತು: ಹೂಕೋಸು 40 ರೂಪಾಯಿ, ಉಳಿದದ್ದೆಲ್ಲ ಸೇರಿ ಇನ್ನೊಂದು 40. ನಾಲ್ಕು ಜನರಿಗೆ ಸಾಕಾಯಿತು. ಹಿಂದಿನ ವಾರ ಹೋಟೆಲ್‌ನಲ್ಲಿ 180ರ ಎರಡು ಪ್ಲೇಟಿಗೆ ಜಿಎಸ್‌ಟಿ ಸೇರಿ 378 ಕೊಟ್ಟಿದ್ದೆ.

ಕೆಂಪಗಿನ ಗರಿ ಮಸಾಲೆ ದೋಸೆ

ಎರಡು ಲೋಟ ದೋಸೆ ಅಕ್ಕಿ, ಒಂದು ಲೋಟ ನವಣೆ, ಮುಕ್ಕಾಲು ಲೋಟ ಉದ್ದಿನಬೇಳೆ, ಎರಡು ದೊಡ್ಡ ಚಮಚ ಕಡಲೆಬೇಳೆ, ಒಂದು ಟೀ ಚಮಚ ಮೆಂತ್ಯ. ಐದು ಗಂಟೆ ನೆನೆಸಿ, ರುಬ್ಬುವ ಹೊತ್ತಿಗೆ ಅರ್ಧ ಲೋಟ ನೆನೆದ ಅವಲಕ್ಕಿ ಸೇರಿಸಿ. ದಾವಣಗೆರೆ ಕಡೆಯವರು ಇದಕ್ಕೆ ಮಂಡಕ್ಕಿ ಹಾಕುತ್ತಾರೆ, ಅದೂ ಚೆನ್ನ. ಕಡಲೆಬೇಳೆ, ಮೆಂತ್ಯಗಳೇ ದೋಸೆಗೆ ಹೊಂಬಣ್ಣ ಕೊಡುವುದು. ನವಣೆ ಇರುವುದು ಬಾಯಿಗೆ ಗೊತ್ತೇ ಆಗುವುದಿಲ್ಲ, ನಾರಿನಂಶ ಮಾತ್ರ ಹೆಚ್ಚು ಸಿಗುತ್ತದೆ.

ಹುದುಗಿದ ಹಿಟ್ಟನ್ನು ಫ್ರಿಜ್‌ನಲ್ಲಿಟ್ಟಿದ್ದರೆ ಒಂದು ಗಂಟೆ ಮೊದಲೇ ಹೊರಗಿಡಿ. ತಣ್ಣನೆಯ ಹಿಟ್ಟು ಕಾವಲಿಯ ಕಾವನ್ನೆಲ್ಲ ನುಂಗಿಬಿಡುತ್ತದೆ. ಬೀಡಿನ ಕಾವಲಿ ಕಾದ ಮೇಲೆ ನೀರು ಚಿಮುಕಿಸಿ, ಎಣ್ಣೆಯಲ್ಲಿ ಅದ್ದಿದ ಅರ್ಧ ಈರುಳ್ಳಿಯಿಂದ ಒರೆಸಿ. ಹಿಟ್ಟು ಹರಡುವಾಗ ಉರಿ ಸಣ್ಣದಿರಲಿ, ಇಲ್ಲದಿದ್ದರೆ ಹಿಟ್ಟು ಸೌಟಿಗೇ ಸುತ್ತಿಕೊಂಡು ಬರುತ್ತದೆ. ಹರಡಿದ ತಕ್ಷಣ ಉರಿ ಏರಿಸಿ. ಮೇಲೆ ಒಣಗಿದಂತೆ ಕಂಡಾಗ ಕೆಂಪು ಪೇಸ್ಟ್, ಹುರಿಗಡಲೆ, ಬೆಳ್ಳುಳ್ಳಿ ಸೇರಿಸಿ ರುಬ್ಬಿದ ಚಟ್ನಿ ಸವರಿ, ಆಲೂಗಡ್ಡೆ ಪಲ್ಯ ಇಡಿ. ಬೆಣ್ಣೆಯನ್ನು ಸುತ್ತಲೂ ಸುರಿಯದೆ, ಮಡಚುವ ಮುನ್ನ ದ್ರಾಕ್ಷಿ ಗಾತ್ರದಷ್ಟು ನಡುವೆ ಇಟ್ಟರೆ ಘಮ ಬಾಯಿಗಿಂತ ಮೊದಲು ಮೂಗಿಗೆ ಮುಟ್ಟುತ್ತದೆ.

ಕ್ರೀಮ್ ಇಲ್ಲದ ಪನ್ನೀರ್ ಗ್ರೇವಿ

ಇದು ಸುಲಭ. ಎರಡು ಈರುಳ್ಳಿ, ನಾಲ್ಕು ಟೊಮೆಟೊ, ಹತ್ತು ಗೋಡಂಬಿ ಒಟ್ಟಿಗೆ ಬೇಯಿಸಿ ರುಬ್ಬಿ. ಎರಡು ಟೀ ಚಮಚ ಎಣ್ಣೆಯಲ್ಲಿ ಒಂದು ದೊಡ್ಡ ಚಮಚ ಕೆಂಪು ಪೇಸ್ಟ್ ಬಾಡಿಸಿ, ರುಬ್ಬಿದ್ದು ಸೇರಿಸಿ ಗಟ್ಟಿಯಾಗುವವರೆಗೆ ಕುದಿಸಿ, ಉಪ್ಪು ಹಾಕಿ. ಕ್ರೀಮ್ ಬದಲು ಅರ್ಧ ಲೋಟ ಬೆಚ್ಚನೆಯ ಹಾಲು ಹಾಕುವಾಗ ಉರಿ ತೀರಾ ಸಣ್ಣದಿರಬೇಕು. ಕುದಿಯುವ ಟೊಮೆಟೊ ಹುಳಿಗೆ ಹಾಲು ಒಡೆಯುತ್ತದೆ. ಪನ್ನೀರ್ ಹುರಿಯುವುದು ಬೇಡ, ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟು ಹಾಕಿದರೆ ಮೃದುವಾಗಿರುತ್ತದೆ. ಕಡೆಗೆ ಕಸೂರಿ ಮೇಥಿಯನ್ನು ಅಂಗೈಯಲ್ಲಿ ತಿಕ್ಕಿ ಉದುರಿಸಿ.

ಉಳಿದ ಕೆಂಪು ಪೇಸ್ಟನ್ನು ಐಸ್ ಟ್ರೇಗೆ ತುಂಬಿ ಫ್ರೀಜರ್‌ನಲ್ಲಿಡಿ. ಒಂದು ಗುಳಿಗೆ ಒಂದು ದೊಡ್ಡ ಚಮಚ ಹಿಡಿಸುತ್ತದೆ. ಗೋಬಿಯ ಸಾಸ್‌ಗೆ ಒಂದು ತುಂಡು, ಗ್ರೇವಿಗೆ ಒಂದು, ದೋಸೆ ಚಟ್ನಿಗೆ ಎರಡು ತೆಗೆದುಕೊಂಡರಾಯಿತು.