ಕ್ರಿಮಿನಲ್ ಜಸ್ಟಿಸ್ ಡಿಗ್ರಿ: ಮೊದಲು ವೀಸಾ ನೋಡಿ, ಸಾಲದ ಲೆಕ್ಕ ಆಮೇಲೆ

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜು ಅಗ್ಗ ಎಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ. ರಾಜ್ಯದ ನಿವಾಸಿಗೆ ಯೂನಿಟ್‌ಗೆ (ಅಂದರೆ ಒಂದು ಕ್ರೆಡಿಟ್‌ಗೆ) 46 ಡಾಲರ್, ಎರಡು ವರ್ಷದ ಡಿಗ್ರಿಗೆ 60 ಯೂನಿಟ್, ಒಟ್ಟು 2,760. ಕ್ಯುಪರ್ಟಿನೋದ ಡಿ ಆಂಜಾ ಕಾಲೇಜಿನಲ್ಲಿ ಸೆಮಿಸ್ಟರ್ ಬದಲು ಕ್ವಾರ್ಟರ್ ಲೆಕ್ಕ, ಅಲ್ಲಿನ ಯೂನಿಟ್ ಚಿಕ್ಕದು. ಯೂನಿಟ್‌ಗೆ 31 ಡಾಲರ್, ಆದರೆ 90 ಯೂನಿಟ್ ಬೇಕು, ಮೊತ್ತ ಹೆಚ್ಚುಕಡಿಮೆ ಅಷ್ಟೇ. ಮಗನೋ ಮಗಳೋ ಅಡ್ಮಿನಿಸ್ಟ್ರೇಶನ್ ಆಫ್ ಜಸ್ಟಿಸ್ (ಕ್ರಿಮಿನಲ್ ಜಸ್ಟಿಸ್‌ಗೆ ಇಲ್ಲಿನ ಹೆಸರು, ಪೊಲೀಸ್, ಜೈಲು ಕೆಲಸದ ಕಡೆಯ ಕೋರ್ಸ್) ಓದುತ್ತೇನೆ ಅಂದ ತಕ್ಷಣ ಮನೆಯಲ್ಲಿ ಫೀಸಿನ ಮಾತು ಶುರುವಾಗುತ್ತದೆ. ಎಡವುವುದು ಫೀಸಿನಲ್ಲಲ್ಲ, ಸಂಬಳದ ಕಡೆಯಲ್ಲಿ.

ನಮ್ಮವರು ಹೆಚ್ಚಾಗಿ ಸಿಕ್ಕಿಬೀಳುವುದು ಎಚ್-4, ಅಂದರೆ ಎಚ್-1ಬಿ ಉದ್ಯೋಗ ವೀಸಾದವರ ಸಂಗಾತಿ, ಮಕ್ಕಳಿಗೆ ಸಿಗುವ ವೀಸಾದ ವಿಷಯದಲ್ಲಿ. ಎಚ್-4ನಲ್ಲಿರುವ ಮಕ್ಕಳು ಒಂದು ವರ್ಷ ಇಲ್ಲಿ ನೆಲೆಸಿ, ಇಲ್ಲೇ ಉಳಿಯುವ ಉದ್ದೇಶ ತೋರಿಸಿದರೆ ನಿವಾಸಿ ಫೀಸಿಗೆ ಅರ್ಹರಾಗಬಹುದು. ಕಾಲೇಜು ಸೇರಿಸಿಕೊಳ್ಳುತ್ತದೆ, ಯಾರೂ ಏನೂ ಕೇಳುವುದಿಲ್ಲ. ಆದರೆ ಕೆಲಸದ ಪರವಾನಗಿ ಸಿಗುವುದು ಕೆಲವು ಎಚ್-4 ಸಂಗಾತಿಗಳಿಗೆ ಮಾತ್ರ, ಮಕ್ಕಳಿಗಿಲ್ಲ. ಜತೆಗೆ, 2022ರಿಂದ ಕ್ಯಾಲಿಫೋರ್ನಿಯಾದಲ್ಲಿ ಪೊಲೀಸ್ ಅಧಿಕಾರಿಯಾಗಿ ನೇಮಕವಾಗಲು 21 ತುಂಬಿರಬೇಕು. ಎಚ್-4 ಮುಗಿಯುವುದೂ 21 ತುಂಬಿದ ದಿನವೇ! ಹದಿನೆಂಟಕ್ಕೆ ಸೇರಿ ಇಪ್ಪತ್ತಕ್ಕೆ ಡಿಗ್ರಿ ಮುಗಿಸಿದ ಹುಡುಗ ಅರ್ಜಿ ಹಾಕುವ ವಯಸ್ಸಿಗೆ ಬಂದಾಗ ಅವನ ವೀಸಾವೇ ಇರುವುದಿಲ್ಲ.

ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಯಿಸಿದರೆ ಆಗದೇ ಎಂದು ಕೇಳುವವರಿದ್ದಾರೆ. ಫೀಸು ಹೊರರಾಜ್ಯದವರ ದರಕ್ಕೆ ಏರುತ್ತದೆ, ಅಂದರೆ ಹಲವು ಪಟ್ಟು. ಡಿಗ್ರಿ ಮುಗಿದ ಮೇಲೆ ಕೆಲಸ ಮಾಡಲು ಸಿಗುವ ಒಪಿಟಿ ಅನುಮತಿ ಒಂದೇ ವರ್ಷ. ಅದಾದ ಮೇಲೆ ಎಚ್-1ಬಿ ಅಂದರೆ ಬ್ಯಾಚುಲರ್ ಡಿಗ್ರಿ ಬೇಡುವ ಹುದ್ದೆಯೇ ಆಗಬೇಕು. ಗಸ್ತಿನ ಪೊಲೀಸ್ ಕೆಲಸ ಆ ಸಾಲಿಗೆ ಸೇರುವುದಿಲ್ಲ. 2023ರಲ್ಲಿ ಕ್ಯಾಲಿಫೋರ್ನಿಯಾ ಪೌರತ್ವದ ಷರತ್ತನ್ನು ತೆಗೆದು, ಕಾನೂನುಬದ್ಧವಾಗಿ ಕೆಲಸ ಮಾಡಲು ಅರ್ಹತೆ ಇದ್ದರೆ ಸಾಕು ಎಂದಿತು. ಈ ಸುದ್ದಿ ಓದಿ ಉಬ್ಬಬೇಡಿ. ಇದರಿಂದ ಅನುಕೂಲವಾಗುವುದು ಗ್ರೀನ್ ಕಾರ್ಡ್ ಇರುವವರಿಗೆ, ಅಥವಾ ಐ-485, ಅಂದರೆ ಗ್ರೀನ್ ಕಾರ್ಡ್ ಅರ್ಜಿ ಹಾಕಿ ಅದರ ಮೇಲೆ ಇಎಡಿ (ಕೆಲಸದ ಪರವಾನಗಿ) ಪಡೆದವರಿಗೆ. ನ್ಯೂಯಾರ್ಕ್ ನಗರದ ಪೊಲೀಸ್ ಕೆಲಸಕ್ಕೆ ಇಂದಿಗೂ ಪೌರತ್ವ ಬೇಕು, ಎಫ್‌ಬಿಐ ಏಜೆಂಟ್ ಹುದ್ದೆಗೆ ಅದರ ಜತೆ ಬ್ಯಾಚುಲರ್ ಡಿಗ್ರಿಯೂ ಬೇಕು. ಆದ್ದರಿಂದ ಕೋರ್ಸ್‌ಗೆ ಹೆಸರು ಬರೆಸುವ ಮೊದಲೇ ಮಗುವಿನ 21ನೇ ಹುಟ್ಟುಹಬ್ಬ ಮತ್ತು ನಿಮ್ಮ ಪ್ರಯಾರಿಟಿ ಡೇಟ್ (ಗ್ರೀನ್ ಕಾರ್ಡ್ ಸರದಿಯಲ್ಲಿ ನಿಮ್ಮ ಜಾಗ ಹೇಳುವ ದಿನಾಂಕ) ಎರಡನ್ನೂ ವಲಸೆ ವಕೀಲರ ಮುಂದಿಡಿ. ಕಾಲೇಜಿನ ಕೌನ್ಸೆಲರ್‌ಗೆ ಇದು ಗೊತ್ತಿರಬೇಕೆಂದು ನಿರೀಕ್ಷಿಸುವುದು ತಪ್ಪು, ಅದು ಅವರ ಕೆಲಸವೂ ಅಲ್ಲ.

ಗ್ರೀನ್ ಕಾರ್ಡ್ ಅಥವಾ ಪೌರತ್ವ ಇರುವ ಮನೆಯವರು ಮುಂದೆ ಓದಿ.

ಫೆಡರಲ್ ಸರ್ಕಾರದ ಕಾಲೇಜ್ ಸ್ಕೋರ್‌ಕಾರ್ಡ್ ಜಾಲತಾಣದಲ್ಲಿ ಆಯಾ ಕಾಲೇಜಿನ ಆಯಾ ಕೋರ್ಸಿನ ಗಳಿಕೆ, ಸಾಲ ಎರಡೂ ಸಿಗುತ್ತವೆ. ನಮ್ಮೂರಿನ ಕಾಲೇಜುಗಳು ಇಂಥದ್ದೊಂದನ್ನು ಸರ್ಕಾರದ ಕೈಯಿಂದ ಪ್ರಕಟಿಸಿಕೊಂಡರೆ ಎಷ್ಟು ಅಡ್ಮಿಷನ್ ಉಳಿದೀತು ಎನ್ನುವುದು ಬೇರೆ ಮಾತು. ಆದರೆ ಸ್ಕೋರ್‌ಕಾರ್ಡ್‌ನ ಗಳಿಕೆಯ ಅಂಕಿಯಲ್ಲಿ ಫೆಡರಲ್ ನೆರವು ಪಡೆದವರು ಮಾತ್ರ ಇದ್ದಾರೆ. ಸಾಲದ ಮಧ್ಯಮ ಅಂಕಿಯಲ್ಲಿ (ಅರ್ಧ ಜನರದು ಅದಕ್ಕಿಂತ ಕಡಿಮೆ, ಅರ್ಧ ಜನರದು ಹೆಚ್ಚು), ಸಾಲ ಮಾಡಿ ಡಿಗ್ರಿ ಮುಗಿಸಿದವರು ಮಾತ್ರ. ಅರ್ಧಕ್ಕೆ ಬಿಟ್ಟವರು ಅದರಲ್ಲಿಲ್ಲ, ಬ್ಯಾಂಕಿನ ಖಾಸಗಿ ಸಾಲವಿಲ್ಲ, ತಂದೆತಾಯಿ ತೆಗೆದ ಪೇರೆಂಟ್ ಪ್ಲಸ್ ಸಾಲವೂ ಸೇರಿಲ್ಲ. ಸಣ್ಣ ಕೋರ್ಸಾದರೆ ಅಂಕಿಯೇ ಇರುವುದಿಲ್ಲ.

ಅದಕ್ಕೇ ಹುದ್ದೆ ಹಿಡಿದು ಲೆಕ್ಕ ಹಾಕಿ. 2023ರ ಸರ್ಕಾರಿ ಅಂಕಿಯಂತೆ ದೇಶದ ಮಟ್ಟದಲ್ಲಿ ಗಸ್ತಿನ ಪೊಲೀಸರ ಮಧ್ಯಮ ಸಂಬಳ ವರ್ಷಕ್ಕೆ ಸುಮಾರು 72,000 ಡಾಲರ್, ಜೈಲು ಸಿಬ್ಬಂದಿಯದು 53,000, ಸೆಕ್ಯುರಿಟಿ ಗಾರ್ಡ್‌ಗಳದು 37,000. ಈ ಮೂರಕ್ಕೂ ಬಹಳ ಕಡೆ ಹೈಸ್ಕೂಲ್ ಪಾಸಾಗಿದ್ದರೆ ಸಾಕು. ಹಾಗಾಗಿ 72,000 ಪೂರ್ತಿ ಡಿಗ್ರಿಯ ಫಲವಲ್ಲ. ಡಿಗ್ರಿ ಇಲ್ಲದೆ ಸಿಗುತ್ತಿದ್ದುದನ್ನು ಕಳೆದು ಉಳಿದಷ್ಟೇ ಅದರ ಬೆಲೆ. ಮಿನ್ನೆಸೋಟ ಇದಕ್ಕೆ ಅಪವಾದ, ಅಲ್ಲಿ ಎರಡು ವರ್ಷದ ಡಿಗ್ರಿ ಕಡ್ಡಾಯ. ಕ್ಯಾಲಿಫೋರ್ನಿಯಾದಲ್ಲಿ ಡಿಗ್ರಿ ಇದ್ದರೂ ಕನಿಷ್ಠ 664 ಗಂಟೆಯ ಪೊಲೀಸ್ ಅಕಾಡೆಮಿ ತಪ್ಪುವುದಿಲ್ಲ. ಡಿಗ್ರಿ ಕೆಲಸಕ್ಕೆ ಬರುವುದು ನೇಮಕದ ನಂತರ: ಪೊಲೀಸ್ ತರಬೇತಿಯ ಮಟ್ಟ ನಿಗದಿ ಮಾಡುವ ರಾಜ್ಯದ ಪೋಸ್ಟ್ ಸಂಸ್ಥೆಯ ಇಂಟರ್‌ಮೀಡಿಯಟ್ ಸರ್ಟಿಫಿಕೇಟ್ ಎರಡು ವರ್ಷದ ಡಿಗ್ರಿ ಇದ್ದವರಿಗೆ ನಾಲ್ಕು ವರ್ಷದ ಸೇವೆಗೇ ಸಿಗುತ್ತದೆ, ಹಲವು ಇಲಾಖೆಗಳು ಅದಕ್ಕೆಂದೇ ತಿಂಗಳಿಗಿಷ್ಟು ಹೆಚ್ಚಿಗೆ ಕೊಡುತ್ತವೆ. ಎಷ್ಟೆಂಬುದು ಆ ನಗರದ ಪೊಲೀಸ್ ಯೂನಿಯನ್ ಒಪ್ಪಂದದಲ್ಲಿ ಅಚ್ಚಾಗಿರುತ್ತದೆ, ತೆಗೆದು ನೋಡಿ. ಕರ್ನಾಟಕದಲ್ಲಿ ಪಿಎಸ್‌ಐ ಅಂದರೆ ರಾಜ್ಯಕ್ಕೆಲ್ಲ ಒಂದೇ ಅಧಿಸೂಚನೆ, ಒಂದೇ ವೇತನ ಶ್ರೇಣಿ. ಇಲ್ಲಿ ಸುಮಾರು 18,000 ಇಲಾಖೆಗಳು, ಒಂದೊಂದಕ್ಕೂ ಅದರದೇ ನಿಯಮ. ಈ ಒಂದು ವಿಷಯದಲ್ಲಿ ನಮ್ಮದೇ ವಾಸಿ.

ಸಾಲದ ಕಡೆ: ಪೋಷಕರ ಮೇಲೆ ಅವಲಂಬಿತ ವಿದ್ಯಾರ್ಥಿಗೆ ಫೆಡರಲ್ ಸಾಲ ಮೊದಲ ವರ್ಷ 5,500, ಎರಡನೇ ವರ್ಷ 6,500 ಡಾಲರ್‌ವರೆಗೆ. ಸಿಗುತ್ತದೆಂದು 12,000ವನ್ನೂ ತೆಗೆದರೆ, ಬಡ್ಡಿ ಶೇ 6 ಎಂದಿಟ್ಟುಕೊಂಡರೂ ಹತ್ತು ವರ್ಷ ತಿಂಗಳಿಗೆ ಸುಮಾರು 133. ಮನೆಯಿಂದಲೇ ಓಡಾಡುವ ಮಗುವಿಗೆ ಇಷ್ಟು ಸಾಲದ ಅಗತ್ಯವೇ ಇಲ್ಲ. ಮೊದಲು ಫಾಫ್ಸಾ (ಫೆಡರಲ್ ನೆರವಿನ ಅರ್ಜಿ) ತುಂಬಿ, ಮರಳಿಸಬೇಕಿಲ್ಲದ ಪೆಲ್ ಗ್ರಾಂಟ್ ಎಷ್ಟು ಬರುತ್ತದೆ ನೋಡಿ, ಓದುವಾಗ ಬಡ್ಡಿಯನ್ನು ಸರ್ಕಾರವೇ ಭರಿಸುವ ಸಬ್ಸಿಡೈಸ್ಡ್ ಭಾಗವನ್ನು ಮಾತ್ರ ಒಪ್ಪಿಕೊಂಡು ಉಳಿದದ್ದನ್ನು ಬೇಡವೆನ್ನಿ. ಮುಂದೆ ಬ್ಯಾಚುಲರ್ ಮಾಡುವ ಯೋಚನೆಯಿದ್ದರೆ ಕಾಲೇಜಿನ ಸಾದಾ ಡಿಗ್ರಿ ಬೇಡ, ಎಎಸ್-ಟಿ (ವರ್ಗಾವಣೆಗೆಂದೇ ರೂಪಿಸಿದ ಎರಡು ವರ್ಷದ ಡಿಗ್ರಿ) ಎಂದು ಬರೆದಿರುವುದನ್ನೇ ಆರಿಸಿ. ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ ಕ್ಯಾಲ್ ಸ್ಟೇಟ್‌ನ ಯಾವುದಾದರೊಂದು ಕ್ಯಾಂಪಸ್‌ನಲ್ಲಿ ಸೀಟು ಖಾತ್ರಿ, ಹೊಂದುವ ಕೋರ್ಸ್ ಸಿಕ್ಕರೆ ಇನ್ನು 60 ಯೂನಿಟ್‌ನಲ್ಲಿ ಮುಗಿಯುತ್ತದೆ.

ತೆಗೆದ ಸಾಲದ ಕಂತು ಮಾತ್ರ ತಪ್ಪಿಸಬೇಡಿ. ಪೊಲೀಸ್ ನೇಮಕದ ಹಿನ್ನೆಲೆ ತನಿಖೆಯಲ್ಲಿ ಕ್ರೆಡಿಟ್ ರಿಪೋರ್ಟನ್ನೂ ತೆಗೆದು ನೋಡುತ್ತಾರೆ, ಬಾಕಿ ಉಳಿಸಿಕೊಂಡವರನ್ನು ಕೂರಿಸಿ ಕಾರಣ ಕೇಳುತ್ತಾರೆ.