ಒಂದು ಹೆಸರು ಹಿಡಿದು ಹೋದ ಪ್ರವಾಸ

ಅಪ್ಪ ಸೇನೆಯ ಇಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಇಪ್ಪತ್ತನಾಲ್ಕು ವರ್ಷ ಇದ್ದವರು. ಹವಾಲ್ದಾರ್ ಆಗಿ ರಿಟೈರ್ ಆದರು. ನನ್ನ ಬಾಲ್ಯದ ಬಹುಪಾಲು ಬೆಂಗಳೂರಿನ ಹಲಸೂರಿನಲ್ಲಿ, ಅದೇ ಪಡೆಯ ಎಂಇಜಿ ಕ್ಯಾಂಪಿನ ಸುತ್ತಮುತ್ತಲೇ ಕಳೆಯಿತು. ಈಗ ನಾನು ಬ್ರಸೆಲ್ಸ್‌ನಲ್ಲಿದ್ದೇನೆ. ಅಪ್ಪ ಮೊದಲ ಸಲ ಇಲ್ಲಿಗೆ ಬಂದಾಗ ಪ್ಯಾರಿಸ್‌ಗೆ ಟಿಕೆಟ್ ಮಾಡೋಣ ಅಂತ ಕೂತಿದ್ದೆ. ಅವರು ಬೇರೆಯೇ ಕೇಳಿದರು.

"ಪ್ಯಾರಿಸ್ ಆಮೇಲೆ ನೋಡಿದರಾಯ್ತು. ಮೊದಲನೇ ಯುದ್ಧದಲ್ಲಿ ನಮ್ಮವರು ಇಲ್ಲೇ ಎಲ್ಲೋ ಸತ್ತಿದ್ದಾರಂತಲ್ಲ? ಅಲ್ಲಿಗೆ ಕರ್ಕೊಂಡು ಹೋಗ್ತೀಯೇನಮ್ಮ?"

ಅದಕ್ಕೆ ಎರಡು ವರ್ಷ ಮೊದಲು ನಾನೊಬ್ಬಳೇ ಒಂದು ಮಿನಿಬಸ್ ಟೂರಿನಲ್ಲಿ ಆ ಕಡೆ ಹೋಗಿಬಂದಿದ್ದೆ. ಒಂದೇ ದಿನದಲ್ಲಿ ಒಂಬತ್ತು ಜಾಗ. ಪ್ರತಿ ಕಡೆ ಇಪ್ಪತ್ತು ನಿಮಿಷ. ಸಂಜೆ ಹೊತ್ತಿಗೆ ಫೋನಿನಲ್ಲಿ ಇನ್ನೂರು ಫೋಟೊ ಇದ್ದವು. ಎಲ್ಲದರಲ್ಲೂ ಬಿಳಿ ಕಲ್ಲು, ಹಸಿರು ಹುಲ್ಲು. ಯಾವುದು ಯಾವ ಊರಿನದು ಅಂತ ನನಗೇ ಗೊತ್ತಾಗಲಿಲ್ಲ. ಭಾರತದ ಸೈನಿಕರ ಸ್ಮಾರಕಕ್ಕೆ ಹೋಗುತ್ತೀರಾ ಅಂತ ಕೇಳಿದರೆ, ಅದು ಗಡಿಯಾಚೆ ಫ್ರಾನ್ಸ್‌ನಲ್ಲಿದೆ, ನಮ್ಮ ರೂಟಿನಲ್ಲಿ ಬರುವುದಿಲ್ಲ ಅಂದರು. ಅಪ್ಪನನ್ನು ಹಾಗೆ ಓಡಿಸಿಕೊಂಡು ಹೋಗಲು ನನಗೆ ಮನಸ್ಸಿರಲಿಲ್ಲ. ಅವರ ಮೊಣಕಾಲೂ ಒಪ್ಪುತ್ತಿರಲಿಲ್ಲ.

ಹಾಗಾಗಿ ಈ ಸಲ ಜಾಗ ಹುಡುಕುವ ಬದಲು ಮೊದಲು ಒಂದು ಹೆಸರು ಹುಡುಕಿದೆ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅಂತ ಒಂದು ಸಂಸ್ಥೆ ಇದೆ. ಬ್ರಿಟಿಷ್ ಸಾಮ್ರಾಜ್ಯದ ಪರ ಹೋರಾಡಿ ಸತ್ತವರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವುದು ಅವರೇ. ಅವರ ವೆಬ್‌ಸೈಟಿನಲ್ಲಿ ಹೆಸರು, ರೆಜಿಮೆಂಟ್, ಸತ್ತ ದಿನ ಹಾಕಿ ಹುಡುಕಬಹುದು. ಗೋಡೆಯ ಯಾವ ಪ್ಯಾನೆಲ್‌ನಲ್ಲಿ ಹೆಸರಿದೆ ಅನ್ನುವುದೂ ಅಲ್ಲೇ ಸಿಗುತ್ತದೆ. ಎಷ್ಟೋ ಭಾರತೀಯರ ಹೆಸರಿನ ಮುಂದೆ ಅಪ್ಪನ ಹೆಸರು, ಹಳ್ಳಿ, ಜಿಲ್ಲೆ ಕೂಡ ಇದೆ.

ಇಲ್ಲಿ ಒಂದು ವಿಷಯ ತಿಳಿದಿದ್ದರೆ ಸಮಯ ಉಳಿಯುತ್ತದೆ. ಬೆಲ್ಜಿಯಂನಲ್ಲಿ ಸತ್ತು ಸಮಾಧಿ ಸಿಗದ ಭಾರತೀಯರ ಹೆಸರು ಈಪರ್ ಊರಿನ ಮೆನಿನ್ ಗೇಟ್ ಅನ್ನುವ ಸ್ಮಾರಕ ಕಮಾನಿನ ಮೇಲೆ ಇದೆ. ಫ್ರಾನ್ಸ್‌ನಲ್ಲಿ ಸತ್ತವರದು ನೂವ್ ಶಾಪೆಲ್ ಹಳ್ಳಿಯ ಸ್ಮಾರಕದಲ್ಲಿ. ಎರಡರ ನಡುವೆ ಕಾರಿನಲ್ಲಿ ಮುಕ್ಕಾಲು ಗಂಟೆ ದಾರಿ. ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆಪಡೆಯವರನ್ನು ಇಲ್ಲಿ ಹುಡುಕಿದರೆ ಸಿಗುವುದಿಲ್ಲ. ಅವರು ಈಜಿಪ್ಟ್, ಪ್ಯಾಲೆಸ್ಟೈನ್ ಕಡೆ ಇದ್ದರು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಗೆದ್ದವರು ಅವರೇ.

ಅಪ್ಪನಿಗೆ ಸ್ಯಾಪರ್‌ಗಳ ಹೆಸರೇ ಬೇಕಿತ್ತು. ಮದ್ರಾಸ್ ಸ್ಯಾಪರ್ಸ್ ಅಲ್ಲದಿದ್ದರೂ ಪರವಾಗಿಲ್ಲ, ಕೆಲಸ ಒಂದೇ ಅಲ್ವಾ ಅಂದರು. ಸೇತುವೆ ಕಟ್ಟುವುದು, ಕಂದಕ ತೋಡುವುದು, ತಂತಿ ಬೇಲಿ ಕತ್ತರಿಸುವುದು, ಸ್ಫೋಟಕ ಇಡುವುದು. ನೂವ್ ಶಾಪೆಲ್‌ನಲ್ಲಿ ಸ್ಯಾಪರ್‌ಗಳು ಹೋರಾಡಿದ 1914ರ ಅಕ್ಟೋಬರ್ 28 ಅಂತ ದಿನ ಹಾಕಿ, ಮೂರನೇ ಸ್ಯಾಪರ್ಸ್ ಅಂಡ್ ಮೈನರ್ಸ್ ಅಂತ ರೆಜಿಮೆಂಟ್ ಹಾಕಿದೆ. ಅಂದರೆ ಆಗಿನ ಬಾಂಬೆ ಸ್ಯಾಪರ್ಸ್. ಒಂದೇ ದಿನದ ಹೆಸರುಗಳು ಸಾಲಾಗಿ ಬಂದವು. ಅದರಲ್ಲಿ ಕೊಂಕಣದ ಕಡೆಯ ಒಬ್ಬ ಹುಡುಗನನ್ನು ಅಪ್ಪನೇ ಆರಿಸಿದರು. ಅವನ ಮನೆಯವರು ಇಂದಿಗೂ ಎಲ್ಲೋ ಇರಬಹುದು, ಹಾಗಾಗಿ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಹೆಸರು, ಅವನ ಅಪ್ಪನ ಹೆಸರು, ಹಳ್ಳಿ, ಪ್ಯಾನೆಲ್ ನಂಬರ್ ಎಲ್ಲವನ್ನೂ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಅಪ್ಪ ಜೇಬಿನಲ್ಲಿ ಇಟ್ಟುಕೊಂಡರು.

ಎರಡು ದಿನದ ಪ್ಲಾನ್ ಮಾಡಿದೆ. ಮೊದಲ ದಿನ ಈಪರ್‌ನಲ್ಲಿ ಸ್ಥಳೀಯ ಗೈಡ್ ಜೊತೆ, ಎರಡನೇ ದಿನ ನಾವಿಬ್ಬರೇ ಬಾಡಿಗೆ ಕಾರಿನಲ್ಲಿ. ಬ್ರಸೆಲ್ಸ್‌ನಿಂದ ಈಪರ್‌ಗೆ ರೈಲಿನಲ್ಲಿ ಹೆಚ್ಚುಕಡಿಮೆ ಎರಡು ಗಂಟೆ. ಗೈಡ್ ಯಾಕೆ ಬೇಕು, ಪುಸ್ತಕ ಇಲ್ವಾ ಅಂತ ಕೆಲವರು ಕೇಳುತ್ತಾರೆ. ನನ್ನ ಅನುಭವದಲ್ಲಿ ಗೈಡ್ ಬೇಕೇ ಬೇಕು, ಆದರೆ ಬಸ್ಸಿನ ಗೈಡ್ ಅಲ್ಲ. ಆ ನೆಲದಲ್ಲೇ ಹುಟ್ಟಿ ಬೆಳೆದವರು ಬೇಕು. ನಮಗೆ ಸಿಕ್ಕವರು ರಿಟೈರ್ ಆದ ಮೇಷ್ಟ್ರು. ನಾನು ಮುಂಚೆಯೇ ಪತ್ರ ಬರೆದಿದ್ದೆ: ಮೂರೇ ಜಾಗ ಸಾಕು, ಅಪ್ಪ ನಿಧಾನ ನಡೆಯುತ್ತಾರೆ, ಅವರು ಸ್ಯಾಪರ್ ಆಗಿದ್ದವರು ಅಂತ. ಈ ಮೂರು ಸಾಲು ಬರೆದದ್ದರಿಂದ ಇಡೀ ದಿನವೇ ಬೇರೆಯಾಯಿತು.

ಮೊದಲು ಟೈನ್ ಕಾಟ್‌ಗೆ ಹೋದೆವು. ಕಾಮನ್‌ವೆಲ್ತ್ ಸೈನಿಕರ ಸಮಾಧಿ ಸ್ಥಳಗಳಲ್ಲಿ ಜಗತ್ತಿನಲ್ಲೇ ಅತಿ ದೊಡ್ಡದು. ಸುಮಾರು 12,000 ಸಮಾಧಿಗಳು. ಅದರಲ್ಲಿ 8,000ಕ್ಕೂ ಹೆಚ್ಚು ಮಂದಿ ಯಾರು ಅಂತಲೇ ಗೊತ್ತಿಲ್ಲ. ಹಿಂದಿನ ಗೋಡೆಯ ಮೇಲೆ ಸಮಾಧಿಯೇ ಇಲ್ಲದ ಸುಮಾರು 35,000 ಹೆಸರು. ಗೈಡ್ ನಮ್ಮನ್ನು ನೇರ ಕಲ್ಲುಗಳ ಹತ್ತಿರ ಕರೆದೊಯ್ಯಲಿಲ್ಲ. ನಡುವಿನ ದೊಡ್ಡ ಶಿಲುಬೆಯ ಮೆಟ್ಟಿಲು ಹತ್ತಿಸಿ, ಬೆನ್ನು ತಿರುಗಿಸಿ ನಿಲ್ಲಿಸಿದರು. ಎದುರಿಗೆ ಇಳಿಜಾರು ಹೊಲ, ದೂರದಲ್ಲಿ ಈಪರ್‌ನ ಗೋಪುರಗಳು.

"ಅಲ್ಲಿಂದ ಇಲ್ಲಿಗೆ ಬರಲು ಬ್ರಿಟಿಷರ ಕಡೆಯವರಿಗೆ 1917ರ ಜುಲೈ 31ರಿಂದ ಅಕ್ಟೋಬರ್ 4ರವರೆಗೆ ಬೇಕಾಯಿತು" ಅಂದರು. ಗುಡ್ಡ ಅಂತ ಹೇಳಲೂ ಆಗದಷ್ಟು ಸಣ್ಣ ಏರು. ನಮ್ಮೂರ ಕಡೆ ಇದಕ್ಕೆ ದಿಬ್ಬ ಅಂತಾರೆ ಅಷ್ಟೆ. ಆದರೆ ಮೇಲಿದ್ದವನಿಗೆ ಕೆಳಗಿರುವ ಪ್ರತಿ ತಲೆಯೂ ಕಾಣುತ್ತಿತ್ತು. ಅದು ಜೇಡಿಮಣ್ಣಿನ ನೆಲ. ನೀರು ಹರಿಯುವ ಕಾಲುವೆಗಳನ್ನು ಫಿರಂಗಿ ಗುಂಡುಗಳು ಒಡೆದುಹಾಕಿದ್ದವು, ಮೇಲೆ ಮಳೆ. ಗಾಯಗೊಂಡವರು ಕೆಸರಿನಲ್ಲಿ ಮುಳುಗಿದರು. ಅಪ್ಪ ಬಗ್ಗಿ, ಪಕ್ಕದ ಹೊಲದ ಅಂಚಿನ ಮಣ್ಣು ತೆಗೆದು ಬೆರಳಲ್ಲಿ ತಿಕ್ಕಿದರು. ಉಂಡೆ ಕಟ್ಟಿತು, ಉದುರಲಿಲ್ಲ. "ಇದರಲ್ಲಿ ಕಂದಕ ತೋಡಿದರೆ ಎರಡೇ ದಿನಕ್ಕೆ ಗೋಡೆ ಜಾರುತ್ತೆ" ಅಂದರು. ಮೇಷ್ಟ್ರು ತಲೆಯಾಡಿಸಿದರು. ನಾನು ಹಿಂದಿನ ಸಲ ಇದೇ ಜಾಗಕ್ಕೆ ಬಂದಿದ್ದೆ. ಮಣ್ಣು ಮುಟ್ಟಿರಲಿಲ್ಲ.

ಅಂದಹಾಗೆ, ನಾವು ನಿಂತಿದ್ದ ಆ ಶಿಲುಬೆಯ ಕೆಳಗೆ ಜರ್ಮನ್ನರ ಕಾಂಕ್ರೀಟ್ ಬಂಕರ್ ಇದೆ. 1922ರಲ್ಲಿ ಬಂದ ರಾಜ ಐದನೇ ಜಾರ್ಜ್ ಅದನ್ನು ಒಡೆಯಬೇಡಿ, ಅದರ ಮೇಲೆಯೇ ಶಿಲುಬೆ ಕಟ್ಟಿ ಅಂತ ಸೂಚಿಸಿದರಂತೆ. ಒಂದು ಕಡೆ ಗೋಡೆಯ ತುಣುಕು ಇಂದಿಗೂ ಕಾಣಲು ಬಿಟ್ಟಿದ್ದಾರೆ.

ಅಲ್ಲಿಂದ ಲಾಂಗೆಮಾರ್ಕ್. ಇದು ಜರ್ಮನ್ ಸೈನಿಕರದು. ದಯವಿಟ್ಟು ಇದನ್ನು ಬಿಡಬೇಡಿ. ಬಿಳಿ ಕಲ್ಲುಗಳ ಹೂದೋಟ ನೋಡಿ ಬಂದವರಿಗೆ ಇಲ್ಲಿ ಬೇರೆಯೇ ಅನಿಸುತ್ತದೆ. ಓಕ್ ಮರಗಳ ನೆರಳು, ನೆಲಕ್ಕೆ ಸಮವಾಗಿ ಹಾಸಿದ ಕಪ್ಪು ಕಲ್ಲುಗಳು. 44,000ಕ್ಕೂ ಹೆಚ್ಚು ಜನ ಇಲ್ಲಿ ಇದ್ದಾರೆ. ಅವರಲ್ಲಿ ಸುಮಾರು 25,000 ಮಂದಿ ಒಂದೇ ಗುಂಡಿಯಲ್ಲಿ. ಹಿಂದುಗಡೆ ನಾಲ್ಕು ಕಂಚಿನ ಆಕೃತಿಗಳು ತಲೆತಗ್ಗಿಸಿ ನಿಂತಿವೆ. ಅಪ್ಪ ಇಲ್ಲಿಯೂ ಟೋಪಿ ತೆಗೆದರು. ಒಬ್ಬ ಸೈನಿಕ ಇನ್ನೊಬ್ಬ ಸೈನಿಕನಿಗೆ ಮಾಡುವುದು ಇಷ್ಟೇ ಅಂತ ನನಗೆ ಅರ್ಥವಾಯಿತು, ಏನೂ ಕೇಳಲಿಲ್ಲ.

ದಾರಿಯಲ್ಲಿ ಒಂದು ಹೊಲದ ಮೂಲೆಯಲ್ಲಿ, ಕರೆಂಟ್ ಕಂಬದ ಬುಡದಲ್ಲಿ ತುಕ್ಕು ಹಿಡಿದ ಎರಡು ಶೆಲ್ ಇಟ್ಟಿದ್ದರು. ರೈತರು ಉಳುವಾಗ ಇಂದಿಗೂ ಸಿಗುತ್ತವೆ. ಹೀಗೆ ರಸ್ತೆ ಪಕ್ಕ ಇಟ್ಟರೆ ಸೇನೆಯವರು ಬಂದು ಒಯ್ಯುತ್ತಾರೆ. ನೂರು ವರ್ಷ ಕಳೆದರೂ ಅವು ಸಿಡಿಯಬಹುದು. ಕೆಲವದರಲ್ಲಿ ವಿಷಾನಿಲವೂ ಇದೆ. ನೆನಪಿಗೆ ಅಂತ ಒಂದು ಕಬ್ಬಿಣದ ಚೂರನ್ನೂ ಎತ್ತಿಕೊಳ್ಳಬೇಡಿ. ಮಕ್ಕಳಿದ್ದರೆ ಕಾರಿನಿಂದ ಇಳಿಯುವ ಮೊದಲೇ ಹೇಳಿಡಿ.

ಮಧ್ಯಾಹ್ನ ಡಬ್ಬಿಯಲ್ಲಿದ್ದ ಚಿತ್ರಾನ್ನ ತಿಂದು ಈಪರ್‌ನ ಮ್ಯೂಸಿಯಂಗೆ ಹೋದೆವು. ಊರ ನಡುವಿನ ದೊಡ್ಡ ಬಟ್ಟೆ ಮಾರುಕಟ್ಟೆಯ ಕಟ್ಟಡದಲ್ಲಿ ಅದು ಇದೆ. ಮಧ್ಯಯುಗದ ಕಟ್ಟಡದ ಹಾಗೆ ಕಾಣುತ್ತದೆ, ಆದರೆ ಯುದ್ಧದಲ್ಲಿ ಪೂರ್ತಿ ಪಾಳುಬಿದ್ದು ಮತ್ತೆ ಕಟ್ಟಿದ್ದು. ಕೆಲಸ ಮುಗಿದದ್ದು 1967ರಲ್ಲಿ. ಒಳಗೆ ಮುಳ್ಳುತಂತಿಯ ಮುಂದೆ ಅಪ್ಪ ನಿಂತುಬಿಟ್ಟರು. ಮೇಷ್ಟ್ರು ಬಂದು, ಇದನ್ನು ಸೀಳಲು ಬ್ಯಾಂಗಲೋರ್ ಟಾರ್ಪಿಡೊ ಅಂತ ಒಂದು ಇತ್ತು ಅಂತ ಹೇಳತೊಡಗಿದರು. ಅವರಿಗೆ ಹೆಸರು ಗೊತ್ತಿತ್ತು. ಅದನ್ನು ಮಾಡಿದ ಪಡೆಯವರೇ ಎದುರಿಗೆ ನಿಂತಿದ್ದಾರೆ ಅಂತ ಗೊತ್ತಿರಲಿಲ್ಲ.

ಅಪ್ಪನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. 1912ರಲ್ಲಿ ಬೆಂಗಳೂರಿನಲ್ಲಿ ಮದ್ರಾಸ್ ಸ್ಯಾಪರ್ಸ್‌ನ ಕ್ಯಾಪ್ಟನ್ ಮೆಕ್ಲಿಂಟಾಕ್ ಮಾಡಿದ್ದು ಅದು. ಅಪ್ಪ ಕೊಡೆಯನ್ನು ಮಡಚಿ, ನೆಲಕ್ಕೆ ಸಮವಾಗಿ ಹಿಡಿದರು. ಕೊಳವೆಯೊಳಗೆ ಸ್ಫೋಟಕ. ಒಂದಕ್ಕೆ ಇನ್ನೊಂದು ಜೋಡಿಸುತ್ತಾ ತಂತಿಯ ಅಡಿಯಲ್ಲಿ ಮುಂದೆ ಮುಂದೆ ತಳ್ಳಬೇಕು. ಮುಂದಿನ ತುದಿ ಮೊಂಡಾಗಿರಬೇಕು, ಇಲ್ಲದಿದ್ದರೆ ಮಣ್ಣಿಗೆ ಚುಚ್ಚಿಕೊಳ್ಳುತ್ತೆ. ಎದೆ ನೆಲಕ್ಕಿರಬೇಕು, ತಲೆ ಎತ್ತಬಾರದು. ನಾನು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದೆ, ಮೇಷ್ಟ್ರು ನೋಟ್‌ಬುಕ್ ತೆಗೆದು ಬರೆದುಕೊಂಡರು. ಅಲ್ಲೇ ಇದ್ದ ಶಾಲೆಯ ಹುಡುಗರು ನಾಲ್ಕೈದು ಜನ ಸುತ್ತ ನಿಂತು ಕೇಳಿದರು.

ಸಂಜೆ ಮೆನಿನ್ ಗೇಟ್. 1927ರಲ್ಲಿ ಕಟ್ಟಿದ್ದು, 54,000ಕ್ಕೂ ಹೆಚ್ಚು ಹೆಸರು. ಪ್ರತಿ ರಾತ್ರಿ 8 ಗಂಟೆಗೆ ಪೊಲೀಸರು ರಸ್ತೆ ತಡೆಯುತ್ತಾರೆ. ಊರಿನ ಬಿಗಿಲ್ ಊದುವವರು ಕಮಾನಿನ ಕೆಳಗೆ ನಿಂತು, ಸತ್ತ ಸೈನಿಕರ ಗೌರವಕ್ಕೆ ನುಡಿಸುವ ಲಾಸ್ಟ್ ಪೋಸ್ಟ್ ಟ್ಯೂನ್ ಊದುತ್ತಾರೆ. 1928ರಲ್ಲಿ ಶುರುವಾಗಿದ್ದು. ಎರಡನೇ ಯುದ್ಧದಲ್ಲಿ ಜರ್ಮನ್ನರು ಊರು ಹಿಡಿದಿದ್ದಾಗ ನಿಂತಿತ್ತು. 1944ರ ಸೆಪ್ಟೆಂಬರ್ 6ರಂದು ಪೋಲೆಂಡಿನ ಪಡೆ ಊರು ಬಿಡಿಸಿದ ಅದೇ ಸಂಜೆ ಮತ್ತೆ ಊದಿದರು. ಏಳು ಗಂಟೆಗೇ ಹೋಗಿ ನಿಂತುಕೊಳ್ಳಿ, ಆಮೇಲೆ ಜಾಗ ಸಿಗುವುದಿಲ್ಲ. ಮುಗಿದಾಗ ಚಪ್ಪಾಳೆ ತಟ್ಟಬಾರದು. ಹಾರ ಇಡಬೇಕೆಂದರೆ ಮುಂಚೆಯೇ ಹೆಸರು ಕೊಟ್ಟಿರಬೇಕು. ಗೇಟಿನ ಪಕ್ಕ, ಕೋಟೆ ಗೋಡೆಯ ಹುಲ್ಲಿನ ಮೇಲೆ ಅಶೋಕ ಸಿಂಹದ ಭಾರತೀಯ ಸ್ಮಾರಕ ಇದೆ. ಅದನ್ನು ಬೆಳಕಿರುವಾಗಲೇ ನೋಡಿ.

ಬಿಗಿಲ್ ಕೇಳಿದ ಕೂಡಲೇ ಅಪ್ಪನ ಬೆನ್ನು ನೆಟ್ಟಗಾಯಿತು. ಹೋಟೆಲಿಗೆ ನಡೆಯುವಾಗ ಒಂದೇ ಮಾತು ಅಂದರು: "ಟ್ಯೂನ್ ಅದೇ ಕಣಮ್ಮ."

ಮರುದಿನ ಬೆಳಿಗ್ಗೆ ನೂವ್ ಶಾಪೆಲ್. ಗಡಿ ದಾಟಿದ್ದೇ ತಿಳಿಯುವುದಿಲ್ಲ, ಆದರೂ ಪಾಸ್‌ಪೋರ್ಟ್ ಜೊತೆಗಿರಲಿ. ನೀರು, ತಿಂಡಿ ಕಟ್ಟಿಕೊಂಡೇ ಹೋಗಿ. ಸಪಾಟಾದ ಹೊಲಗಳ ನಡುವೆ ಒಂದು ನಾಲ್ಕುದಾರಿ. ಅದರ ಪಕ್ಕ ದುಂಡನೆಯ ಕಲ್ಲಿನ ಆವರಣ. ದೂರದಿಂದ ನೋಡಿದರೆ ಫ್ರಾನ್ಸ್‌ನದು ಅಂತ ಅನಿಸುವುದೇ ಇಲ್ಲ. ಸುಮಾರು 15 ಮೀಟರ್ ಎತ್ತರದ ಕಂಬ, ತುದಿಯಲ್ಲಿ ಕಮಲ, ಕಂಬದ ಎರಡೂ ಪಕ್ಕ ಕೂತ ಕಲ್ಲಿನ ಹುಲಿಗಳು, ಜಾಲಂದ್ರದ ಗೋಡೆ, ಛತ್ರಿಯಾಕಾರದ ಸಣ್ಣ ಮಂಟಪಗಳು. ದೆಹಲಿಯ ಸೆಕ್ರೆಟೇರಿಯಟ್ ಕಟ್ಟಡಗಳನ್ನು ರೂಪಿಸಿದ ಹರ್ಬರ್ಟ್ ಬೇಕರ್ ಅವರೇ ಇದನ್ನೂ ರೂಪಿಸಿದರು. ಹಿಂದಿನ ದಿನ ನೋಡಿದ ಟೈನ್ ಕಾಟ್ ಕೂಡ ಅವರದೇ. 1927ರ ಅಕ್ಟೋಬರ್ 7ರಂದು ಇದನ್ನು ತೆರೆದರು. 4,700ಕ್ಕೂ ಹೆಚ್ಚು ಹೆಸರು. ಕಂಬದ ಮೇಲೆ "ದೇವರೊಬ್ಬನೇ, ಗೆಲುವು ಅವನದು" ಅನ್ನುವ ಅರ್ಥದ ಮಾತನ್ನು ದೇವನಾಗರಿ, ಗುರುಮುಖಿ, ಅರಬ್ಬಿ ಲಿಪಿಗಳಲ್ಲೂ ಕೆತ್ತಿದ್ದಾರೆ.

ಇಲ್ಲಿ 1915ರ ಮಾರ್ಚ್ 10ರಿಂದ 13ರವರೆಗೆ ನಡೆದ ಯುದ್ಧದ ಬಗ್ಗೆ ಎಲ್ಲರೂ ಹೇಳುತ್ತಾರೆ. ಘರ್ವಾಲ್‌ನ ಗಬ್ಬರ್ ಸಿಂಗ್ ನೇಗಿ ವಿಕ್ಟೋರಿಯಾ ಕ್ರಾಸ್ ಪಡೆದದ್ದು, ಸತ್ತದ್ದು ಅದರ ಮೊದಲ ದಿನವೇ. ಅವರ ಹೆಸರೂ ಈ ಗೋಡೆಯ ಮೇಲಿದೆ. ಆದರೆ ನಮ್ಮ ಚೀಟಿಯಲ್ಲಿದ್ದವನು ಅದಕ್ಕಿಂತ ನಾಲ್ಕು ತಿಂಗಳಿಗೂ ಹೆಚ್ಚು ಹಿಂದಿನವನು. ಭಾರತದ ಪಡೆ ಮಾರ್ಸೇ ಬಂದರಿನಲ್ಲಿ ಇಳಿದು ಒಂದು ತಿಂಗಳಾಗಿತ್ತಷ್ಟೆ. ಜರ್ಮನ್ನರು ಹಿಡಿದಿದ್ದ ಈ ಹಳ್ಳಿಯನ್ನು ಮತ್ತೆ ಗೆಲ್ಲಲು 47ನೇ ಸಿಖ್ ಪಡೆಯ ಜೊತೆ ಸ್ಯಾಪರ್‌ಗಳ ಎರಡು ಕಂಪನಿಯನ್ನೂ ಕಳಿಸಿದರು. ಕಾಲಾಳುಗಳು ಸಾಕಾಗಿರಲಿಲ್ಲ. ಗುದ್ದಲಿ ಹಿಡಿಯಬೇಕಾದವರು ಬಯೊನೆಟ್ ಹಿಡಿದು ಬಯಲು ದಾಟಿದರು. ಮನೆಮನೆಯಲ್ಲಿ ಹೊಡೆದಾಡಿ ಹಳ್ಳಿಯೊಳಗೆ ನುಗ್ಗಿದರು. ಹಿಂದಿನಿಂದ ನೆರವು ಬರಲಿಲ್ಲ. ವಾಪಸ್ ಬರಬೇಕಾಯಿತು. ಸ್ಯಾಪರ್‌ಗಳ ಅಧಿಕಾರಿಗಳಲ್ಲಿ ಬಹುತೇಕ ಎಲ್ಲರೂ ಸತ್ತರು ಅಥವಾ ಗಾಯಗೊಂಡರು.

ನಾನು ಇದನ್ನು ಕಾರಿನಲ್ಲಿ ಓದಿ ಹೇಳಿದಾಗ ಅಪ್ಪ ಸುಮ್ನೆ ಕೇಳಿದರು. ಕೊನೆಗೆ ಅಂದರು, "ಸ್ಯಾಪರ್‌ನ ತಯಾರು ಮಾಡೋಕೆ ವರ್ಷಗಟ್ಟಲೆ ಬೇಕು. ಹಾಗೆ ಕಳಿಸಬಾರದಿತ್ತು."

ಪ್ಯಾನೆಲ್ ನಂಬರ್ ಇದ್ದರೂ ಹೆಸರು ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. ರೆಜಿಮೆಂಟ್ ಪ್ರಕಾರ, ಅದರೊಳಗೆ ಹುದ್ದೆ ಪ್ರಕಾರ ಕೆತ್ತಿದ್ದಾರೆ. ಅಕ್ಷರ ಇಂಗ್ಲಿಷಿನವು, ಕಾಗುಣಿತ ನಮ್ಮ ಚೀಟಿಯಲ್ಲಿದ್ದ ಹಾಗೆ ಇರಲಿಲ್ಲ. ಅಪ್ಪ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಒಂದೊಂದೇ ಸಾಲು ಇಳಿಯುತ್ತಾ ಬಂದರು. ಒಂದು ಕಡೆ ಬೆರಳು ನಿಂತಿತು. ಅಕ್ಷರದ ತಗ್ಗಿನಲ್ಲಿ ಸಣ್ಣದಾಗಿ ಪಾಚಿ ಕಟ್ಟಿತ್ತು. ಕೆರೆಯಲು ಹೋಗಲಿಲ್ಲ, ಕರವಸ್ತ್ರದಿಂದ ಮೆಲ್ಲಗೆ ಒರೆಸಿದರು.

"ಚೀಟಿ ತೆಗೆದು ಓದಮ್ಮ. ಜೋರಾಗಿ ಓದು. ಅಪ್ಪನ ಹೆಸರೂ ಸೇರಿಸಿ ಓದು."

ಓದಿದೆ. ಹೆಸರು, ಇಂಥವರ ಮಗ, ಇಂಥ ಊರು. ಅಪ್ಪ ಸೆಲ್ಯೂಟ್ ಹೊಡೆದರು. ಹೊಲದಾಚೆ ಎಲ್ಲೋ ಟ್ರ್ಯಾಕ್ಟರ್ ಓಡುತ್ತಿತ್ತು, ಅದೊಂದೇ ಸದ್ದು.

ಸಂದರ್ಶಕರ ಪುಸ್ತಕದಲ್ಲಿ ಅಪ್ಪ ತಮ್ಮ ಆರ್ಮಿ ನಂಬರ್, ಹೆಸರು, ಹಲಸೂರು, ಬೆಂಗಳೂರು ಅಂತ ಕನ್ನಡದಲ್ಲಿ ಬರೆದರು. ಅದರ ಕೆಳಗೆ ಆ ಹುಡುಗನ ಹೆಸರು, ಹಳ್ಳಿ. ಕಾರಿನ ಹತ್ತಿರ ಬಂದು ಬಾಗಿಲು ತೆಗೆದ ಮೇಲೆ ಕೇಳಿದರು, "ಅಲ್ಲಿ ಒಟ್ಟು ಎಷ್ಟು ಸ್ಯಾಪರ್‌ಗಳ ಹೆಸರಿದೆ?"

ನಾನು ಎಣಿಸಿರಲಿಲ್ಲ. ಬಾಗಿಲು ಹಾಕಿ ಇಬ್ಬರೂ ಮತ್ತೆ ಒಳಗೆ ಹೋದೆವು. ಅಪ್ಪ ಒಂದೊಂದೇ ಹೆಸರು ಓದುತ್ತಾ ಹೋದರು, ನಾನು ಎಣಿಸುತ್ತಾ ಹೋದೆ.