ಜಾವಾಸಿಯ ಐದು ಸಾಲಿನ ಎರರ್ ಅನ್ನು ವಿಮ್‌ಗೆ ಓದಿಸಿದ್ದು

ನಾನು ಜಾವಾ ಪ್ರೋಗ್ರಾಂ ಬರೆಯುವುದು ವಿಮ್ ಎಂಬ ಟೆಕ್ಸ್ಟ್ ಎಡಿಟರ್‌ನಲ್ಲಿ. ಕಂಪೈಲ್ ಮಾಡಿದಾಗ ಎರರ್‌ಗಳು ಕ್ವಿಕ್‌ಫಿಕ್ಸ್ ಎಂಬ ವಿಮ್‌ನ ಎರರ್ ಪಟ್ಟಿಗೆ ಬೀಳಬೇಕು, ಎಂಟರ್ ಒತ್ತಿದರೆ ಕರ್ಸರ್ ನೇರ ತಪ್ಪಿರುವ ಜಾಗಕ್ಕೆ ಹೋಗಬೇಕು. ಇಷ್ಟೇ ಆಸೆ. ಆದರೆ ಜಾವಾದ ಕಂಪೈಲರ್ ಆದ ಜಾವಾಸಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸುವುದಿಲ್ಲ. ಒಂದು ವೇರಿಯಬಲ್ ಹೆಸರು ತಪ್ಪಿದರೆ ಐದು ಸಾಲು: ಮೊದಲ ಸಾಲಿನಲ್ಲೇ ಫೈಲ್ ಹೆಸರು, ಸಾಲಿನ ನಂಬರ್, ‘ಕೆನಾಟ್ ಫೈಂಡ್ ಸಿಂಬಲ್’ (ಹೆಸರು ಸಿಗಲಿಲ್ಲ), ಆಮೇಲೆ ನಮ್ಮದೇ ಕೋಡ್, ಅದರ ಕೆಳಗೆ ^ ಗುರುತು, ಕೊನೆಗೆ ‘ಸಿಂಬಲ್:’ ಮತ್ತು ‘ಲೊಕೇಶನ್:’. ಯಾವ ಹೆಸರು ಸಿಗಲಿಲ್ಲ ಅನ್ನೋದು ಇರುವುದು ನಾಲ್ಕನೇ ಸಾಲಿನಲ್ಲಿ!

ಇದನ್ನು ಬಿಡಿಸಿ ಓದುವುದು ಎರರ್‌ಫಾರ್ಮ್ಯಾಟ್ ಎಂಬ ಸೆಟ್ಟಿಂಗ್. ನನ್ನದರಲ್ಲಿ ಕಾಮಾ ಹಾಕಿ ಜೋಡಿಸಿದ ನಾಲ್ಕು ತುಂಡುಗಳಿವೆ. ಮೊದಲನೆಯದು %ಎ%ಎಫ್:%ಎಲ್: %ಎಂ. ಇದರಲ್ಲಿ ದೊಡ್ಡಕ್ಷರದ %ಎ ‘ಇಲ್ಲಿಂದ ಹೊಸ ಎರರ್ ಶುರು’ ಎನ್ನುತ್ತದೆ. ಉಳಿದವು ಸಣ್ಣಕ್ಷರ: ಫೈಲ್, ಸಾಲು, ಸಂದೇಶ. ಎರಡನೆಯದು %ಸಿ%ಪಿ^. ದೊಡ್ಡಕ್ಷರದ %ಸಿ ಅಂದರೆ ಮುಂದುವರಿದ ಸಾಲು. ನನಗೆ ತುಂಬ ಇಷ್ಟವಾಗಿದ್ದು %ಪಿ. ^ ಗುರುತಿನ ಹಿಂದೆ ಎಷ್ಟು ಖಾಲಿ ಜಾಗ ಇದೆ ಎಂದು ಎಣಿಸಿ, ಅದರಿಂದಲೇ ಕಾಲಂ, ಅಂದರೆ ತಪ್ಪು ಸಾಲಿನ ಎಷ್ಟನೇ ಜಾಗದಲ್ಲಿದೆ ಎಂಬುದನ್ನು ಕಂಡುಹಿಡಿಯುತ್ತದೆ. ಮೂರನೆಯ ತುಂಡು ‘ಸಿಂಬಲ್:’ ಸಾಲನ್ನು ಹಿಡಿದು ಸಂದೇಶಕ್ಕೆ ಸೇರಿಸುತ್ತದೆ. ಕೊನೆಯದು %-ಸಿ%.%#, ಉಳಿದ ಯಾವ ಸಾಲು ಬಂದರೂ ನುಂಗಿಬಿಡು ಅಂತ.

ನಾನು ಎಡವಿದ್ದು ಈ ಕೊನೆಯದರಲ್ಲೇ. ಮೊದಲು ಅದನ್ನು ಎರಡನೇ ಜಾಗದಲ್ಲಿ ಇಟ್ಟಿದ್ದೆ. ವಿಮ್ ತುಂಡುಗಳನ್ನು ಬರೆದ ಕ್ರಮದಲ್ಲೇ ಹೋಲಿಸಿ ನೋಡುತ್ತದೆ. ಹಾಗಾಗಿ ^ ಇರುವ ಸಾಲೂ ಹೋಯಿತು, ಸಿಂಬಲ್ ಸಾಲೂ ಹೋಯಿತು. ಸಾಲಿಗೆ ಸರಿಯಾಗಿ ಹೋಗುತ್ತಿತ್ತು, ಕಾಲಂ ಮಾತ್ರ ಸಿಗುತ್ತಿರಲಿಲ್ಲ. %ಪಿ ಕೆಟ್ಟಿದೆ ಅಂದುಕೊಂಡು ಒಂದು ಸಂಜೆ ಪೂರ್ತಿ ಸುಮ್ನೆ ಹಾಳು ಮಾಡಿದೆ.

ಗೊತ್ತಾಗಿದ್ದು ಪರೀಕ್ಷೆ ಮಾಡುವ ರೀತಿ ಬದಲಿಸಿದ ಮೇಲೆ. ಪ್ರತಿ ಸಲ ಕಂಪೈಲ್ ಮಾಡುವುದನ್ನು ಬಿಟ್ಟು, ಎರರ್‌ಗಳನ್ನು ಒಂದು ಫೈಲಿಗೆ ಉಳಿಸಿಕೊಂಡೆ. ಒಂದು ತುಂಡು ಬದಲಿಸುವುದು, ಸಿ‌ಗೆಟ್‌ಫೈಲ್ ಕಮಾಂಡ್‌ನಿಂದ ಅದೇ ಫೈಲನ್ನು ಮತ್ತೆ ಓದಿಸುವುದು, ಪಟ್ಟಿ ನೋಡುವುದು. ಹತ್ತು ನಿಮಿಷದಲ್ಲಿ ಕ್ರಮದ ತಪ್ಪು ಕಣ್ಣಿಗೆ ಬಿತ್ತು.

ಇನ್ನೊಂದು ವಿಷಯ. ಎರರ್‌ಫಾರ್ಮ್ಯಾಟ್ ಅನ್ನು ಸೆಟ್ ಕಮಾಂಡ್‌ನಲ್ಲಿ ಬರೆದರೆ ಪ್ರತಿ ಸ್ಪೇಸ್ ಹಿಂದೆಯೂ ಬ್ಯಾಕ್‌ಸ್ಲ್ಯಾಶ್ ಬೇಕು, ಓದುವುದಕ್ಕೇ ಆಗುವುದಿಲ್ಲ. ನಾನು ಲೆಟ್ ಕಮಾಂಡ್ ಬಳಸಿ ಕೋಟ್ ಒಳಗೆ ಬರೆದೆ. ಈಗ ಆರು ತಿಂಗಳ ನಂತರ ತೆರೆದು ನೋಡಿದರೂ ಯಾವುದು ಏನು ಅಂತ ತಿಳಿಯುತ್ತದೆ.